ಟೈಪ್ ಅತ್ತೆ ಕೇಳಿಸಿಕೊಂಡದ್ದು

"ಅಮ್ಮಾ, ಟೈಪ್ ಅತ್ತೆ ಮಾವನ ಕಾಲು ನೋಡೋದೇ ಇಲ್ಲ ಯಾಕೆ?"

ಬೆಳಿಗ್ಗೆ ತಲೆ ಬಾಚುತ್ತಿದ್ದಾಗ ಮಗಳು ಕೇಳಿದಳು. ಕೆಳಗಿನ ಮನೆಗೆ ಆಡಲು ಹೋದಾಗ ಕಂಡದ್ದಂತೆ. ಅತ್ತೆ ಮಾವನ ಕಾಲಿಗೆ ಬ್ಯಾಂಡೇಜು ಸುತ್ತುತ್ತಾರೆ, ಕಣ್ಣು ಮಾತ್ರ ಗೋಡೆಯ ಮೇಲೆ. "ನೋಡದೆ ಸುತ್ತಿದ್ರೆ ಸೊಟ್ಟ ಆಗಲ್ವಾ?" ಹೊತ್ತಾಯಿತು ನಡಿ ಎಂದು ಜಡೆ ಬಿಗಿದೆ. ಐದು ವರ್ಷದವಳಿಗೆ ಹೇಳುವ ವಿಷಯ ಅದಲ್ಲ. ಇಲ್ಲಿಯಾದರೂ ಬರೆದಿಡುತ್ತೇನೆ.

ಕೆಳಗಿನ ಮನೆಯ ಅಕ್ಕ, ಮಗಳ ಪಾಲಿನ ಟೈಪ್ ಅತ್ತೆ, ಇಪ್ಪತ್ತೆರಡು ವರ್ಷದಿಂದ ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಸ್ಟ್. ಕಚೇರಿಯೆಂದರೆ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಅಪಘಾತದ ಪರಿಹಾರ, ಕ್ರಿಮಿನಲ್ ಕೇಸು, ಎರಡೂ ಅಲ್ಲೇ. ಹೊರಗೆ ಎರಡು ಬೆಂಚು. "ಕೈಕಾಲು ಮುರ್ಕೊಂಡವರು ಎಡಕ್ಕೆ, ಮುರಿದವರು ಬಲಕ್ಕೆ. ನೀರು ಮಾತ್ರ ಇಬ್ಬರಿಗೂ ಒಂದೇ ಹೂಜಿದು" ಎಂದು ನಗಿಸುತ್ತಿದ್ದರು. ನನ್ನ ಹೆರಿಗೆಯ ದಿನ ಆಸ್ಪತ್ರೆಯ ಫಾರಂಗಳನ್ನೆಲ್ಲ ತುಂಬಿಸಿದವರು ಅವರೇ. ನೋವಿನಲ್ಲಿ ಒದ್ದಾಡುತ್ತಿದ್ದವಳಿಗೆ ಓದದೆ ಸಹಿ ಹಾಕಬೇಡ ಎಂದು ಗದರಿದ್ದರು.

ಅವರ ಗಂಡ ಟೈಲರ್. ಮುಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಹಳೆಯ ಯಂತ್ರ. ಅದರ ಕಟಕಟ ಸದ್ದು ನಮ್ಮ ಮನೆಯ ನೆಲಕ್ಕೆ ತಾಗುತ್ತಿತ್ತು. ಮಗಳು ಹಸುಗೂಸಾಗಿದ್ದಾಗ ಆ ಸದ್ದಿಗೇ ನಿದ್ದೆ ಹೋಗುತ್ತಿದ್ದಳು. ಅಕ್ಕ ಕಚೇರಿಯ ಮಾತನ್ನು ಮನೆಗೆ ತಂದವರೇ ಅಲ್ಲ. ಬೀದಿಯಲ್ಲಿ ಯಾರಾದರೂ ಕೆದಕಿದರೆ ಟೈಲರೇ ಅಡ್ಡ ಬರುತ್ತಿದ್ದರು. "ಅವಳ ಬಾಯಿಗೆ ನಾನೇ ಹೊಲಿಗೆ ಹಾಕಿದೀನಿ, ಡಬಲ್ ಹೊಲಿಗೆ. ಬಿಚ್ಚಲ್ಲ, ಹೋಗಿ."

ಆ ವಕೀಲರದು ಒಂದು ಪದ್ಧತಿ. ಕ್ರಿಮಿನಲ್ ಕೇಸಿನವರು ಬಂದರೆ ಮೊದಲು ವಕಾಲತ್ತಿಗೆ ಸಹಿ, ಆಮೇಲೆ ನಡೆದದ್ದನ್ನು ಅವರ ಬಾಯಿಂದಲೇ ಹೇಳಿಸುವುದು. ಎದುರು ಕಡೆಯವರ ಹೆಸರು ಕೇಳುವ ಹಾಗಿಲ್ಲ; 'ಗಾಯಾಳು' ಎಂದಷ್ಟೇ ಟೈಪಾಗಬೇಕು. ಹೆಸರು ಬಂತೆಂದರೆ ಕೋಪವೋ ಕನಿಕರವೋ ನುಗ್ಗಿ ಮಾತು ತಿರುಚಿಕೊಳ್ಳುತ್ತದಂತೆ. ಅಷ್ಟು ಹೊತ್ತು ಎಲ್ಲರ ಮೊಬೈಲೂ ಮೇಜಿನ ಡ್ರಾಯರಿನೊಳಗೆ.

ನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ ವ್ಯಾನಿನ ಡ್ರೈವರ್ ಒಬ್ಬ ಬಂದ. ನಡುವಯಸ್ಸಿನವನು, ಅಂಗಿಯ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡಿದ್ದ. ರಸ್ತೆ ದಾಟುತ್ತಿದ್ದವರಿಗೆ ಗುದ್ದಿ, ಅವರನ್ನು ಆಸ್ಪತ್ರೆಗೆ ಸೇರಿಸಿ, ಠಾಣೆಗೆ ಹೋಗುವ ಮುಂಚೆ ವಕೀಲರನ್ನು ಹುಡುಕಿಕೊಂಡು ಬಂದಿದ್ದ. ವಕಾಲತ್ತಿಗೆ ಸಹಿ ಹಾಕಿದ. ಅಕ್ಕ ನೀರು ಕೊಟ್ಟು, ಎಲ್ಲರಿಗೂ ಹೇಳುವುದನ್ನೇ ಹೇಳಿದರು: "ಹೆದರ್ಬೇಡಿ. ಇಲ್ಲಿ ಹೇಳಿದ್ದು ಈ ಗೋಡೆ ದಾಟಲ್ಲ." ಅವನು ಹೇಳಿದ. ಅವರು ಟೈಪ್ ಮಾಡಿದರು. ಡ್ರಾಯರಿನಲ್ಲಿ ಮೊಬೈಲೊಂದು ಗುಂಯ್‌ಗುಡುತ್ತಲೇ ಇತ್ತಂತೆ. ಯಾರದೋ ಏನೋ ಎಂದುಕೊಂಡರು.

ಅವರದೇ. ಆಸ್ಪತ್ರೆಯಿಂದ ಆರು ಕರೆ. ಅವರು ಹನ್ನೊಂದು ಸಲ ಟೈಪ್ ಮಾಡಿದ ಆ 'ಗಾಯಾಳು' ಅವರ ಗಂಡನೇ ಆಗಿದ್ದರು.

ಕಾಲು ಉಳಿಯಿತು. ಆದರೆ ಪಾದ ಯಾರ ಮಾತನ್ನೂ ಕೇಳುವುದಿಲ್ಲ, ಯಂತ್ರ ತುಳಿಯುವುದಂತೂ ದೂರವೇ. ತಲೆಗೂ ಪೆಟ್ಟು ಬಿದ್ದಿದ್ದರಿಂದ ಆ ಗಳಿಗೆ ಟೈಲರ ನೆನಪಿನಲ್ಲಿಲ್ಲ. ನೂಲಿನ ಉಂಡೆ ಕೊಂಡದ್ದು ನೆನಪಿದೆ, ಆಮೇಲೆ ಆಸ್ಪತ್ರೆಯ ಫ್ಯಾನು. ಅವರು ನೋಡದೆ ರಸ್ತೆಗಿಳಿದರು ಎಂದು ವಿಮೆಯವರು ಬರೆದಿದ್ದಾರೆ. ನೋಡಿದವರು ಯಾರೂ ಸಿಗಲಿಲ್ಲ.

ವಕೀಲರು ಅಕ್ಕನನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದರಂತೆ, ನಿಮ್ಮವರ ಕೇಸನ್ನು ನಾವು ಹಿಡಿಯುವ ಹಾಗಿಲ್ಲ, ಡ್ರೈವರನ ಕೇಸು ಬಿಟ್ಟರೂ ಕೇಳಿದ್ದು ಕೇಳಿದ್ದೇ, ಅದನ್ನು ಆಡುವ ಹಾಗಿಲ್ಲ ಎಂದು. ನಾನು ಸಿಟ್ಟಿಗೆದ್ದು, ಅಂಥ ಕೆಲಸಕ್ಕೆ ಬೆಂಕಿ ಬೀಳಲಿ, ಬಿಟ್ಟುಬಿಡಿ ಎಂದೆ.

"ಕೆಲಸ ಬಿಡಬಹುದು ಕಣೇ. ಕಿವಿ ಎಲ್ಲಿ ಬಿಡ್ಲಿ?"

ಆ ಡ್ರೈವರ್ ಹೇಳಿದ್ದೇನೆಂದು ನಾನು ಕೇಳಿಲ್ಲ, ಅವರು ಹೇಳಿಲ್ಲ. ಅದು ಟೈಲರ ಪರವೋ ವಿರುದ್ಧವೋ ಇವತ್ತಿಗೂ ನನಗೆ ತಿಳಿಯದು.

ಡ್ರೈವರ್ ಅಕ್ಕನ ಕಚೇರಿಗೇ ಬಂದಿದ್ದನೆಂದು ತಿಳಿದ ಮೇಲೆ ಟೈಲರು ಮಾತ್ರ ದಿನಾ ಕೇಳುತ್ತಾರೆ. ಮೊದಮೊದಲು ತಮಾಷೆಯಾಗಿ, ಒಂದೇ ಒಂದು ಹೊಲಿಗೆ ಬಿಚ್ಚು ಮಾರಾಯ್ತಿ ಎನ್ನುತ್ತಿದ್ದರು. ಆಮೇಲೆ ಬಾಯಿ ಬೇಡ, ತಲೆಯಾಡಿಸು ಸಾಕು ಎಂದರು. ಮೊನ್ನೆ ಅಕ್ಕ ಬ್ಯಾಂಡೇಜು ಸುತ್ತುತ್ತಿದ್ದಾಗ ಅವರು ಕೇಳಿದ್ದು ನಮ್ಮ ಮೆಟ್ಟಿಲಿನವರೆಗೂ ಕೇಳಿಸಿತು.

"ನಾನು ನೋಡ್ದೆ ಇಳಿದೆ, ಅಲ್ವಾ? ಅದಕ್ಕೇ ತಾನೇ ನೀನು ಈ ಕಾಲು ನೋಡದೇ ಇರೋದು?"

ಅಕ್ಕ 'ಇಲ್ಲ' ಎಂದರೂ ಗುಟ್ಟು ಬಿಟ್ಟಂತೆ, 'ಹೌದು' ಎಂದರೂ ಬಿಟ್ಟಂತೆ. ಸುಮ್ಮನಿದ್ದರೆ ಅವರು ಹೌದೆಂದೇ ಹಿಡಿಯುತ್ತಾರೆ. ಹಿಡಿದೂ ಆಗಿದೆ. ಯಂತ್ರಕ್ಕೆ ಹಳೆಯ ದುಪ್ಪಟಿ ಮುಚ್ಚಿದ್ದಾರೆ. ತಪ್ಪು ಮಾಡಿದವನಿಗೆ ಪರಿಹಾರ ಯಾಕೆ ಎಂದು, ಅವರ ಕೇಸಿಗೆ ಗೊತ್ತುಮಾಡಿದ ಹೊಸ ವಕೀಲರ ಕಾಗದಗಳಿಗೆ ಸಹಿ ಹಾಕಲಿಲ್ಲ. ಊಟವೂ ಅರ್ಧ ತಟ್ಟೆಗೆ ಇಳಿದಿದೆ. ಮಗಳು ಹೋದರೆ ಮಾತ್ರ ಗುಂಡಿಗಳ ಡಬ್ಬಿ ತೆಗೆದು ಬಣ್ಣ ವಿಂಗಡಿಸುವ ಆಟ ಆಡಿಸುತ್ತಾರೆ.

ಇವತ್ತು ಮಗಳನ್ನು ಶಾಲೆಗೆ ಬಿಟ್ಟು ಬಂದಾಗ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದರು. ಕಚೇರಿಯ ಸೀರೆ ಉಟ್ಟಿದ್ದರು, ಕಚೇರಿಗೆ ಹೋಗಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಮಗಳ ಪ್ರಶ್ನೆಯನ್ನು ಹೇಳಬಾರದಿತ್ತು, ಹೇಳಿಬಿಟ್ಟೆ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

"ಮಗು ಕಣ್ಣಿಗೇ ಬಿದ್ದಿದೆ ಅಂದ್ಮೇಲೆ ಹೊಸ ವಕೀಲರಿಗೆ ಕಾಣದೆ ಇರತ್ತಾ? ನಾನು ಜೊತೆಗೆ ಹೋದ್ರೆ ನನ್ನ ಮುಖ ನೋಡೇ ಅವರು ಎಲ್ಲ ಓದ್ಕೊಂಡುಬಿಡ್ತಾರೆ" ಎಂದರು. ನಾಳೆ ಹನ್ನೊಂದಕ್ಕೆ ಅವರಲ್ಲಿಗೆ ಹೋಗಬೇಕು. ಸಹಿ ಹಾಕಲು ನಾಳೆಯೇ ಕಡೆಯ ದಿನ. ಟೈಲರು ಹೋಗಲು ಒಪ್ಪಿದ್ದಾರೆ. ಆದರೆ ತಪ್ಪು ನನ್ನದೇ ಎಂದು ಹೇಳಿ, ಕೇಸು ಮುಗಿಸಿ ಬರುವುದಕ್ಕೆ.

"ಅವರ ಜೊತೆ ನೀನು ಹೋಗ್ತೀಯಾ? ಪಕ್ಕದಲ್ಲೇ ಕೂತ್ಕೋ. ತಪ್ಪು ನಂದೇ ಅನ್ನೋಕೆ ಬಾಯಿ ತೆಗೆದ್ರೆ ಕೈ ಹಿಡ್ಕೋ. ನೆನಪಿಲ್ಲ ಅಂತ ಹೇಳಿಸು, ಅಷ್ಟೇ ನಿಜ. ಬೇರೇನೂ ಹೇಳೋದು ಬೇಡ, ನಿಂಗೂ ಏನೂ ಗೊತ್ತಿಲ್ಲ. ಅದಕ್ಕೇ ಕಣೇ ನಿನ್ನ ಕೇಳ್ತಿರೋದು."