ಪುಷ್ಪಾವತಿಗೆ ಕೇಳಿಸದ ಗಂಟೆ

ಕಟಪಾಡಿಯ ಪುಷ್ಪಾವತಿ ಟೈಪ್ ಮಾಡಲು ಕುಳಿತರೆ ಕಣ್ಣು ಕಾಗದ ಬಿಟ್ಟು ಕದಲುತ್ತಿರಲಿಲ್ಲ. ಬೆರಳುಗಳ ಪಾಡಿಗೆ ಬೆರಳು, ಕಣ್ಣಿನ ಪಾಡಿಗೆ ಕಣ್ಣು. ಉಡುಪಿಯಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಹತ್ತು ಹನ್ನೆರಡು ವರ್ಷ ಅವಳು ಹೀಗೆಯೇ ದುಡಿದಿದ್ದಳು. ಅವಳು ಹೊಡೆದ ಹಾಳೆಯಲ್ಲಿ ತಪ್ಪು ಹುಡುಕುವ ಗೋಜಿಗೆ ವಕೀಲರು ಹೋಗುತ್ತಿರಲಿಲ್ಲ.

ಟೈಪಿಂಗ್ ಕಲಿತದ್ದು ಮಾತ್ರ ಆಸೆಪಟ್ಟು ಅಲ್ಲ. ಎಪ್ಪತ್ತನಾಲ್ಕರಲ್ಲಿ, ಕಾಪುವಿನ ಕಡೆಯಿಂದ ಬಂದ ಸಂಬಂಧ ಹೆಚ್ಚುಕಡಿಮೆ ಕುದುರಿದ್ದಾಗ, ಕೆಮ್ಮಿದರೆ ಕರವಸ್ತ್ರದಲ್ಲಿ ರಕ್ತ ಕಾಣಿಸಿಕೊಂಡಿತು. ಕ್ಷಯ ಎಂದರು. ಮದುವೆಯ ಮಾತು ಅಲ್ಲಿಗೆ ನಿಂತಿತು. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ದಿನಾ ಸೂಜಿ ಚುಚ್ಚಿಸಿಕೊಂಡಳು. ಸೂಜಿ ಹಾಕಿದ ಮೇಲೆ ಗೋಡೆ ಹಿಡಿದು ನಡೆಯಬೇಕಾಗುತ್ತಿತ್ತು, ಅಷ್ಟು ತಲೆ ತಿರುಗುತ್ತಿತ್ತು. "ಔಷಧಿ ಜೋರು ಉಂಟು, ತಡ್ಕೊಳ್ಬೇಕು," ಎಂದು ನರ್ಸು ಹೇಳಿದ್ದಳು. ಪುಷ್ಪಾವತಿ ತಡೆದುಕೊಂಡಳು. ಜೀವ ಉಳಿಯಿತು. ಮದುವೆ ಇನ್ನು ಆಗದು ಎಂದು ಗೊತ್ತಾದ ಮೇಲೆ ತಾಯಿ ಗುಣವತಿಯೇ ಅವಳನ್ನು ಕಟಪಾಡಿ ಪೇಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದ್ದು.

ಎಂಬತ್ತೇಳರಲ್ಲಿ ವಕೀಲರು ತೀರಿಕೊಂಡರು. ಮಣಿಪಾಲದಲ್ಲಿ ಹೊಸದಾಗಿ ತೆರೆದಿದ್ದ ಒಂದು ಸಣ್ಣ ಕಂಪ್ಯೂಟರ್ ಕೇಂದ್ರಕ್ಕೆ ಟೈಪಿಂಗ್ ಗೊತ್ತಿದ್ದವರು ಬೇಕು ಎಂದು ಕೇಳಿ ಪುಷ್ಪಾವತಿ ಹೋದಳು. ಒಳಗೆ ಎಸಿ ಕೋಣೆಯಲ್ಲಿ ಒಂದು ದೊಡ್ಡ ಯಂತ್ರ, ಹೊರಗೆ ಅದಕ್ಕೆ ತಂತಿಯಿಂದ ಜೋಡಿಸಿದ ಟರ್ಮಿನಲ್‌ಗಳ ಸಾಲು. ಕಪ್ಪು ಪರದೆ, ಹಸಿರು ಅಕ್ಷರ. ಕೇಂದ್ರವನ್ನು ನೋಡಿಕೊಳ್ಳುತ್ತಿದ್ದವರು ಲಿಯೋನೆಲ್ ಸರ್, ಮದ್ರಾಸಿನಲ್ಲಿ ಓದಿ ಬಂದವರು, ಮಾತು ಕಡಿಮೆ. ಅವಳ ಪಕ್ಕದ ಟರ್ಮಿನಲ್ ಸೆಲೀನ್‌ಳದ್ದು. ಅವಳು ಕಾರ್ಕಳದ ಹುಡುಗಿ, ಆಗತಾನೇ ಬಿ.ಕಾಂ. ಮುಗಿಸಿದವಳು.

ಮರುವರ್ಷ ಕೇಂದ್ರಕ್ಕೆ ಒಂದು ದೊಡ್ಡ ಕೆಲಸ ಬಂತು. ರಕ್ತದಾನಿಗಳ ಒಂದು ಸಂಘ ಕಾಪುವಿನಿಂದ ಕಾರ್ಕಳದವರೆಗೆ ಊರೂರಲ್ಲಿ ಶಿಬಿರ ನಡೆಸಿ, ರಕ್ತ ಕೊಡಲು ಒಪ್ಪಿದವರ ಚೀಟಿಗಳನ್ನು ಕಟ್ಟುಕಟ್ಟಾಗಿ ತಂದುಕೊಟ್ಟಿತು. ಹೆಸರು, ಊರು, ರಕ್ತದ ಗುಂಪು, ಪ್ರತಿ ಚೀಟಿಯಲ್ಲೂ ಇಷ್ಟೇ. ಅದನ್ನು ತುಂಬಿಸಲು ಲಿಯೋನೆಲ್ ಸರ್ ಒಂದು ಪ್ರೋಗ್ರಾಂ ಬರೆದರು. ಪರದೆಯ ನಡುವೆ ಹೆಸರು ಕೇಳುತ್ತದೆ, ಆಮೇಲೆ ಊರು, ಆಮೇಲೆ ಗುಂಪು. ಗುಂಪಿನ ಜಾಗದಲ್ಲಿ ಇಲ್ಲದ ಗುಂಪನ್ನು ಹೊಡೆದರೆ ತೆಗೆದುಕೊಳ್ಳದೆ, ಟರ್ಮಿನಲ್ ಒಮ್ಮೆ ಕೀಂ ಎಂದು ಗಂಟೆ ಕೂಗಿಸಿ ಮತ್ತೆ ಗುಂಪನ್ನೇ ಕೇಳುತ್ತದೆ. ಇದನ್ನೆಲ್ಲ ಅವರು ಒಂದು ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ವಿವರಿಸಿದ್ದರು. ಪುಷ್ಪಾವತಿ ಹಿಂದೆ ನಿಂತಿದ್ದಳು. ಲಿಯೋನೆಲ್ ಸರ್ ಯಾವಾಗಲೂ ಬಾಯೊಳಗೇ ಮಾತಾಡುತ್ತಾರೆ ಎಂಬುದು ಅವಳ ದೂರು. ಅರ್ಥವಾದಷ್ಟನ್ನು ಹಿಡಿದುಕೊಂಡು ಕೆಲಸಕ್ಕೆ ಕುಳಿತಳು. ಎಲ್ಲರಿಗಿಂತ ಮೊದಲು ಅವಳ ಕಟ್ಟುಗಳೇ ಮುಗಿದವು.

ಆ ವರ್ಷದ ನವೆಂಬರ್ ತಿಂಗಳು. ಅಜೆಕಾರಿನ ಚಂಪಾ ಎಂಬ ಹೆಂಗಸನ್ನು ಹೆರಿಗೆಗೆಂದು ಮಣಿಪಾಲದ ಆಸ್ಪತ್ರೆಗೆ ತಂದರು. ಮಗು ಹುಟ್ಟಿತು, ರಕ್ತ ನಿಲ್ಲಲಿಲ್ಲ. ಅವಳದ್ದು ಓ ನೆಗೆಟಿವ್, ಸಿಗುವುದು ಕಷ್ಟ. ಸಂಘದವರು ಹೊಸದಾಗಿ ಅಚ್ಚಾದ ಪಟ್ಟಿ ತೆರೆದು ನೋಡಿದರು. ಹತ್ತಿರದಲ್ಲಿ ಒಂದೇ ಹೆಸರು: ದೇವದಾಸ, ಹೆಜಮಾಡಿ. ಜೀಪು ಹೆದ್ದಾರಿ ಹಿಡಿದು ಹಾರಿತು. ದೇವದಾಸ ಬಲೆ ಹೊಲಿಯುತ್ತಿದ್ದವನು ಹಾಗೆಯೇ ಎದ್ದು ಬಂದ.

ಆಸ್ಪತ್ರೆಯಲ್ಲಿ ಕೊಡುವ ಮುಂಚೆ ಪರೀಕ್ಷೆ ಮಾಡಿದರು. ಓ ಪಾಸಿಟಿವ್.

ಅರ್ಧ ಗಂಟೆ ಕಳೆಯುವುದರೊಳಗೆ ಕೇಂದ್ರದ ಫೋನು ಬಡಿದುಕೊಂಡಿತು. ಲಿಯೋನೆಲ್ ಸರ್ ಫೋನು ಕೆಳಗಿಟ್ಟಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಕಪಾಟು ತೆರೆದು ಹೆಜಮಾಡಿ ಶಿಬಿರದ ಕಟ್ಟನ್ನು ಮೇಜಿನ ಮೇಲೆ ಸುರಿದರು. ದೇವದಾಸನ ಚೀಟಿಯಲ್ಲಿ ಸ್ಪಷ್ಟವಾಗಿ ಓ ಪಾಸಿಟಿವ್ ಎಂದೇ ಇತ್ತು. ಅದರ ಕೆಳಗಿನ ಚೀಟಿ ಕ್ಲಾರೆನ್ಸ್ ಎಂಬವರದ್ದು, ನೆಂಟರ ಮನೆಗೆ ಬಂದಿದ್ದಾಗ ಆ ಶಿಬಿರದಲ್ಲಿ ಹೆಸರು ಕೊಟ್ಟವರು. ಊರು ಕಾರ್ಕಳ, ಗುಂಪು ಓ ನೆಗೆಟಿವ್. ಅಚ್ಚಾದ ಪಟ್ಟಿಯಲ್ಲಿ ಕ್ಲಾರೆನ್ಸ್ ಎಂಬ ಹೆಸರೇ ಇರಲಿಲ್ಲ.

"ಈ ಕಟ್ಟು ಯಾರು ಮಾಡಿದ್ದು?"

"ನಾನು," ಎಂದಳು ಪುಷ್ಪಾವತಿ.

ಕ್ಲಾರೆನ್ಸ್ ಶಾಲಾ ಮಾಸ್ತರರು. ಸೆಲೀನ್‌ಗೆ ಅವರ ಶಾಲೆ ಗೊತ್ತಿತ್ತು, ಶಾಲೆಯ ಎದುರಿನ ಅಂಗಡಿಗೆ ಫೋನು ಮಾಡಿದಳು. ಮಾಸ್ತರರು ಪಾಠ ನಿಲ್ಲಿಸಿ ಯಾರದೋ ಕಾರಿನಲ್ಲಿ ಬಂದು ರಕ್ತ ಕೊಟ್ಟರು. ಸಂಜೆಯ ಹೊತ್ತಿಗೆ ಚಂಪಾ ಉಳಿದಳು ಎಂಬ ಸುದ್ದಿ ಬಂತು. ಅದುವರೆಗೆ ಪುಷ್ಪಾವತಿ ಒಂದು ತೊಟ್ಟು ನೀರು ಕುಡಿದಿರಲಿಲ್ಲ.

ಅಷ್ಟರಲ್ಲಿ ದೇವದಾಸ ಸೀದಾ ಕೇಂದ್ರಕ್ಕೇ ಬಂದುಬಿಟ್ಟಿದ್ದ.

"ನನ್ನ ರಕ್ತ ಎಂತದ್ದೂಂತ ನನಗೆ ಗೊತ್ತುಂಟು ಮಾರಾಯ್ರೆ. ಚೀಟಿಯಲ್ಲಿ ಬರೆಸಿದ್ದೇನೆ. ಆ ಹೆಂಗಸು ಸತ್ತಿದ್ದರೆ ಊರವರು ಎಂತ ಹೇಳ್ತಿದ್ರು? ದೇವದಾಸ ಸುಳ್ಳು ಹೇಳಿದ ಅಂತ, ಅಲ್ವಾ?"

ಲಿಯೋನೆಲ್ ಸರ್ ಕೈ ಮುಗಿದರು. ಪುಷ್ಪಾವತಿ ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಲಿಯೋನೆಲ್ ಸರ್ ಅದೇ ಕಟ್ಟನ್ನು ಅವಳ ಮುಂದಿಟ್ಟರು.

"ಇನ್ನೊಮ್ಮೆ ಮಾಡಿ. ನಾನು ಇಲ್ಲೇ ನಿಲ್ತೇನೆ."

ಅವಳು ಶುರುಮಾಡಿದಳು. ಕಣ್ಣು ಚೀಟಿಯ ಮೇಲೆ, ಬೆರಳು ಎಂದಿನ ವೇಗದಲ್ಲಿ. ದೇವದಾಸನ ಹೆಸರು, ಹೆಜಮಾಡಿ, ಆಮೇಲೆ ಗುಂಪು. ಕಟಪಾಡಿಯ ಇನ್‌ಸ್ಟಿಟ್ಯೂಟಿನ ಹಳೆಯ ಟೈಪ್‌ರೈಟರಿನಲ್ಲಿ ಸೊನ್ನೆಗೆ ಬೇರೆ ಕೀಲಿ ಇರಲಿಲ್ಲ. ಇಂಗ್ಲಿಷಿನ ಓ ಅಕ್ಷರವನ್ನೇ ಸೊನ್ನೆಯಾಗಿ ಹೊಡೆಯುತ್ತಿದ್ದರು. ಕಂಪ್ಯೂಟರಿಗೆ ಅದಾಗದು ಎಂದು ಇಲ್ಲಿ ಬಂದ ಮೇಲೆ ಅವಳು ಹಟದಿಂದ ಬೆರಳನ್ನು ಸೊನ್ನೆಯ ಕೀಲಿಗೆ ಪಳಗಿಸಿದ್ದಳು. ಈಗ ಓ ಬರಬೇಕಾದಲ್ಲೂ ಒಮ್ಮೊಮ್ಮೆ ಬೆರಳು ಸೊನ್ನೆಗೇ ಹೋಗುತ್ತಿತ್ತು. ಈ ಸಲವೂ ಹೋಯಿತು. ಯಂತ್ರ ತೆಗೆದುಕೊಳ್ಳಲಿಲ್ಲ, ಕೀಂ ಎಂದಿತು. ಪುಷ್ಪಾವತಿ ಮುಂದಿನ ಚೀಟಿಗೆ ಹೋದಳು. ಕ್ಲಾರೆನ್ಸ್ ಎಂದು ಹೊಡೆದಳು. ಗುಂಪಿಗಾಗಿ ಕಾಯುತ್ತಿದ್ದ ಯಂತ್ರ ಮತ್ತೆ ಕೀಂ ಎಂದಿತು. ಕಾರ್ಕಳ ಎಂದು ಹೊಡೆದಳು, ಮತ್ತೆ ಕೀಂ. ಓ ನೆಗೆಟಿವ್ ಎಂದು ಹೊಡೆದಳು. ಯಂತ್ರ ಸುಮ್ಮನೆ ಅದನ್ನು ದೇವದಾಸನ ಹೆಸರಿನ ಮುಂದೆ ಬರೆದುಕೊಂಡಿತು. ಅವಳು ಆಗಲೇ ಮೂರನೆಯ ಚೀಟಿಯಲ್ಲಿದ್ದಳು.

"ನಿಲ್ಲಿಸಿ!" ಲಿಯೋನೆಲ್ ಸರ್ ಗದರಿದರು. ಅವರು ಧ್ವನಿ ಏರಿಸಿದ್ದನ್ನು ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ. "ಅದು ಅಷ್ಟು ಬೊಬ್ಬೆ ಹಾಕ್ತಾ ಉಂಟು, ನೀವು ಹೊಡೀತಾನೇ ಇದ್ದೀರಲ್ಲ ಪುಷ್ಪಾವತಿಯವರೇ! ಗಂಟೆಗೆ ಬೆಲೆಯೇ ಇಲ್ವಾ ನಿಮಗೆ?"

"ಯಾವ ಗಂಟೆ ಸರ್?"

ಅವಳು ಕುಚೋದ್ಯ ಮಾಡುತ್ತಿದ್ದಾಳೆ ಎಂದುಕೊಂಡು ಅವರ ಮುಖ ಕೆಂಪಾಯಿತು. ಬಗ್ಗಿ, ಪ್ರೋಗ್ರಾಮಿನಿಂದ ಹೊರಬಂದು, ಒಂದು ಪುಟ್ಟ ಆಜ್ಞೆ ಕೊಟ್ಟರು: ಟಿ-ಪುಟ್, ಜಾಗ ಬಿಟ್ಟು ಬೆಲ್. ಟರ್ಮಿನಲ್ ಕೂಗಿತು.

"ಇದು."

ಪುಷ್ಪಾವತಿ ಪರದೆ ನೋಡಿದಳು. ಅವರ ಮುಖ ನೋಡಿದಳು. "ಎಂತದ್ದು?"

ಅವರು ಮತ್ತೊಮ್ಮೆ ಒತ್ತಿದರು, ಇನ್ನೊಮ್ಮೆ ಒತ್ತಿದರು. ಆಚೆ ತುದಿಯಲ್ಲಿ ಕುಳಿತವರೂ ತಿರುಗಿ ನೋಡಿದರು. ಪುಷ್ಪಾವತಿ ಮಾತ್ರ, ಏನೋ ಆಗಲಿಕ್ಕಿದೆ, ಇನ್ನೂ ಆಗಿಲ್ಲ ಎಂಬಂತೆ ಕಾಯುತ್ತಿದ್ದಳು. ಸೆಲೀನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಪುಷ್ಪಕ್ಕ... ನಿಮಗೆ ಕೇಳ್ತಾ ಇಲ್ವಾ?"

"ಕೇಳ್ತಾ ಉಂಟಲ್ಲ, ನೀನು ಮಾತಾಡುವುದು!"

"ನನ್ನ ಮಾತಲ್ಲ. ಇದು. ಈಗ ಕೂಗಿತಲ್ಲ, ಇದು."

ಪುಷ್ಪಾವತಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರೂ ಸೇರಿ ಆಟ ಆಡಿಸುತ್ತಿದ್ದಾರೆ ಎನ್ನೋಣವೆಂದರೆ ಒಂದು ಮುಖದಲ್ಲೂ ನಗುವಿಲ್ಲ. ಅವಳು ಟರ್ಮಿನಲ್‌ಗೆ ಕಿವಿ ಇಟ್ಟಳು. ಲಿಯೋನೆಲ್ ಸರ್ ಮತ್ತೆ ಒತ್ತಿದರು. ಒಳಗಿನ ಫ್ಯಾನಿನ ಗುಂಯ್‌ಗುಡುವಿಕೆ ಕೇಳಿಸಿತು. ಬೇರೇನೂ ಇಲ್ಲ.

"ನೀವು ಬೇಕೂಂತ ಮಾಡುವುದು ಅಂತ ನಾನು ತಿಳ್ಕೊಂಡಿದ್ದೆ ಪುಷ್ಪಕ್ಕ," ಎಂದಳು ಸೆಲೀನ್ ಅಳುತ್ತ. "ಹಳಬರು, ಗಂಟೆಗೆಲ್ಲ ಕ್ಯಾರೇ ಅನ್ನುವುದಿಲ್ಲ ಅಂತ. ಎಲ್ಲರದ್ದೂ ಕೂಗ್ತಾ ಇರ್ತದೆ, ಯಾರದ್ದೂಂತ ಯಾರು ನೋಡ್ತಾರೆ?"

ಪುಷ್ಪಾವತಿ ಕುರ್ಚಿಯಲ್ಲಿ ಹಾಗೆಯೇ ಕುಳಿತಿದ್ದಳು. ಒಂದು ವರ್ಷದಿಂದ ಈ ಪೆಟ್ಟಿಗೆ ತನ್ನ ಮುಖಕ್ಕೆ ಮುಖ ಕೊಟ್ಟು ಕೂಗಿದೆ, ತಾನು ಅದರ ಮುಂದೆ ಕುಳಿತು ಬೆರಳಾಡಿಸಿದ್ದೇನೆ. ಅಷ್ಟೇ ಅಲ್ಲ. ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಾಸ್ತರರು, ಸಾಲಿನ ಕೊನೆಗೆ ಯಂತ್ರದ ಗಂಟೆ ಕೇಳಿದಾಗ ಸಾಲು ತಿರುಗಿಸಬೇಕು ಎಂದು ಹೇಳಿದ್ದು ಒಮ್ಮೆಲೇ ನೆನಪಾಯಿತು. ತನ್ನ ಪಾಲಿನ ಯಂತ್ರದ ಗಂಟೆ ಕೆಟ್ಟಿದೆ ಎಂದೇ ತಿಳಿದು ಅವಳು ಅಂದಾಜಿನಲ್ಲಿ ಸಾಲು ತಿರುಗಿಸುವುದನ್ನು ಕಲಿತಿದ್ದಳು. ವಕೀಲರ ಆಫೀಸಿನ ಯಂತ್ರದ ಗಂಟೆಯೂ ಕೆಟ್ಟಿತ್ತು. ಕುಕ್ಕರ್ ಸೀಟಿ ಹೊಡೆದದ್ದು ಗೊತ್ತಾಗಲಿಲ್ವಾ ಎಂದು ಅಮ್ಮ ಬೈಯುತ್ತಿದ್ದಳು. ಅಷ್ಟು ಯಂತ್ರಗಳು ಕೆಟ್ಟಿರಲು ಸಾಧ್ಯವೇ?

ಸೆಲೀನ್ ಅವಳ ಕೈಹಿಡಿದು ಆಸ್ಪತ್ರೆಯ ಕಿವಿಯ ವಿಭಾಗಕ್ಕೆ ಕರೆದುಕೊಂಡು ಹೋದಳು. ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಮುಚ್ಚಳದಂಥದ್ದನ್ನು ಹಾಕಿ, ಕೇಳಿಸಿದಾಗ ಬೆರಳೆತ್ತಿ ಎಂದರು. ದಪ್ಪ ಸ್ವರಗಳಿಗೆ ಅವಳು ಬೆರಳೆತ್ತಿದಳು. ಆಮೇಲೆ ಬಹಳ ಹೊತ್ತು ಎತ್ತಲಿಲ್ಲ. ಪರೀಕ್ಷೆ ಮುಗಿಯಿತೇನೋ ಎಂದುಕೊಂಡಿದ್ದಳು, ಮುಗಿದಿರಲಿಲ್ಲ.

"ಹಿಂದೆ ಟೀಬಿ ಆಗಿತ್ತಾ ನಿಮಗೆ?" ಎಂದು ಡಾಕ್ಟರು ಕೇಳಿದರು.

ಅವಳು ಬೆಚ್ಚಿದಳು. ಆ ವಿಷಯವನ್ನು ಅವಳು ಮಣಿಪಾಲದಲ್ಲಿ ಯಾರಿಗೂ ಹೇಳಿರಲಿಲ್ಲ.

"ಆಗಿನ ಇಂಜೆಕ್ಷನ್ ಕೆಲವರಿಗೆ ಹೀಗೆ ಮಾಡ್ತದೆ. ದಪ್ಪ ಸ್ವರ ಉಳೀತದೆ, ತೆಳು ಸ್ವರ ಹೋಗ್ತದೆ. ಮಾತು ನಿಮಗೆ ಅರ್ಧ ಕಿವಿಯಿಂದ, ಅರ್ಧ ತುಟಿ ನೋಡಿ ಗೊತ್ತಾಗುವುದು. ಹೋದದ್ದು ಇನ್ನು ಬರುವುದಿಲ್ಲಮ್ಮ."

ಹೊರಗೆ ಬಂದು ಬೆಂಚಿನ ಮೇಲೆ ಕುಳಿತಳು. ಜೀವ ಉಳಿಸಿದ ಸೂಜಿಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಆದರೂ ಸಿಟ್ಟು ಬಂತು. ಹದಿನಾಲ್ಕು ವರ್ಷ ಜಗತ್ತೆಲ್ಲ ಬಾಯೊಳಗೆ ಮಾತಾಡುತ್ತಿದೆ ಎಂದುಕೊಂಡಿದ್ದೇನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

"ಸೆಲೀನ್, ಆ ಹೆಂಗಸು ಇದೇ ಆಸ್ಪತ್ರೆಯಲ್ಲಿ ಇರುವುದಲ್ವಾ?"

ಚಂಪಾ ಗೋಡೆಯ ಬದಿಯ ಮಂಚದಲ್ಲಿ ಸುಣ್ಣದಷ್ಟು ಬಿಳಿಚಿಕೊಂಡು ಮಲಗಿದ್ದಳು. ಮಗು ಅವಳ ಅತ್ತೆಯ ಮಡಿಲಲ್ಲಿತ್ತು. ಬಾಗಿಲಲ್ಲಿ ನಿಂತ ಪುಷ್ಪಾವತಿ ಮಗುವಿನ ಬಾಯಿ ತೆರೆಯುವುದನ್ನು ಕಂಡು ಕಿವಿಗೊಟ್ಟಳು. ಅಳು ಕೇಳಿಸಿತು. ಪೂರಾ ಕೇಳಿಸಿತೋ ಇಲ್ಲವೋ ಅವಳಿಗೇನು ಗೊತ್ತು, ಆದರೆ ಕೇಳಿಸಿತು.

"ರಕ್ತ ಕೊಡುವವರ ಪಟ್ಟಿಯಲ್ಲಿ ತಪ್ಪು ಮಾಡಿದ್ದು ನಾನು," ಎಂದಳು ಹತ್ತಿರ ಹೋಗಿ. "ತಪ್ಪು ಅಂತ ಯಂತ್ರ ಕೂಗಿತಂತೆ. ನನಗೆ ಕಿವಿ ಕೇಳುವುದಿಲ್ಲ ಅಂತ ಇವತ್ತೇ ಗೊತ್ತಾದದ್ದು."

ಅತ್ತೆ ಮಗುವನ್ನು ಎದೆಗೆ ಒತ್ತಿಕೊಂಡು ಅವಳನ್ನು ದುರುಗುಟ್ಟಿ ನೋಡಿದಳು. ಚಂಪಾ ಮಾತ್ರ ಬತ್ತಿದ ಸ್ವರದಲ್ಲಿ ಏನೋ ಕೇಳಿದಳು. ಪುಷ್ಪಾವತಿ ಜೀವನದಲ್ಲಿ ಮೊದಲ ಸಲ, ನನಗೆ ಕೇಳಿಸಲಿಲ್ಲ ಎಂದು ಹೇಳಿ, ತುಟಿಯ ಹತ್ತಿರ ಬಗ್ಗಿದಳು.

"ಅದರಲ್ಲಿ ಇನ್ನೂ ತಪ್ಪು ಉಂಟಾ?"

ಇನ್ನೆಷ್ಟು ಚೀಟಿಗಳ ಮುಂದೆ ಯಂತ್ರ ಹೀಗೆ ಕೂಗಿರಬಹುದು!

ಪುಷ್ಪಾವತಿ ಸೆಲೀನ್‌ಳನ್ನೂ ಕಾಯದೆ ಕೇಂದ್ರಕ್ಕೆ ಓಡಿದಳು. ಕೆಲಸ ಬಿಡುತ್ತೇನೆ ಎಂದು ಬೆಳಿಗ್ಗೆ ಮನಸ್ಸಿಗೆ ಬಂದಿದ್ದ ಮಾತು ಎಲ್ಲಿ ಹೋಯಿತೋ. "ಸರ್, ನಾನು ಮಾಡಿದ್ದೆಲ್ಲ ತೆಗೆದುಬಿಡಿ. ಪುನಃ ಮಾಡ್ತೇನೆ," ಎಂದಳು. "ಆದರೆ ಅದು ಕೂಗುವುದು ನನಗೆ ಕೇಳುವುದಿಲ್ಲ."

ಲಿಯೋನೆಲ್ ಸರ್ ಅವಳು ಹೋದಾಗಿನಿಂದ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಅವರ ಮುಂದೆ ದಪ್ಪದೊಂದು ಕೈಪಿಡಿ ತೆರೆದಿತ್ತು.

"ಕೂಗುವುದೊಂದೇ ದಾರಿ ಅಂತ ನಾನು ಯಾಕೆ ತಿಳ್ಕೊಂಡೆನೋ," ಎಂದರು, ಈ ಸಲ ಅವಳ ಕಡೆ ಮುಖ ತಿರುಗಿಸಿ, ಬಿಡಿಸಿ ಬಿಡಿಸಿ. "ಬೆಲ್ ಅಂತ ಕೇಳಿದ ಹಾಗೆ ಫ್ಲ್ಯಾಶ್ ಅಂತಲೂ ಕೇಳಬಹುದು. ಗೊತ್ತಿದ್ದರೆ ಟರ್ಮಿನಲ್ ಮಿಂಚು ಹೊಡೀತದೆ. ಗೊತ್ತಿಲ್ಲದಿದ್ದರೆ ಸುಮ್ಮನಿರ್ತದೆ. ಬನ್ನಿ, ಕೇಳಿ ನೋಡುವ."

ಆ ಕೋಣೆಯ ಟರ್ಮಿನಲ್‌ಗಳು ಎರಡು ಬೇರೆ ಬೇರೆ ಕಂಪನಿಯವು. ಒಂದಕ್ಕೆ ಬರುವ ಸನ್ನೆ ಇನ್ನೊಂದಕ್ಕೆ ಬಾರದು. ಯಾವುದಕ್ಕೆ ಏನು ಬರುತ್ತದೆ ಎಂಬ ವಿವರ ದೊಡ್ಡ ಯಂತ್ರದೊಳಗೆ ಇರುತ್ತದೆ. ಟಿ-ಪುಟ್ ಎಂಬ ಆ ಆಜ್ಞೆ ವಿವರವನ್ನು ನೋಡಿ, ಎದುರಿನ ಟರ್ಮಿನಲ್‌ಗೆ ಅರ್ಥವಾಗುವ ಸನ್ನೆಯನ್ನು ಕಳಿಸುತ್ತದೆ. ಅವರು ಮೊದಲು ಪುಷ್ಪಾವತಿಯ ಟರ್ಮಿನಲ್‌ನಲ್ಲಿ ಟಿ-ಪುಟ್ ಫ್ಲ್ಯಾಶ್ ಎಂದು ಹೊಡೆದರು. ಏನೂ ಆಗಲಿಲ್ಲ. ಅದಕ್ಕೆ ಆ ವಿದ್ಯೆ ಇರಲಿಲ್ಲ. ಪುಷ್ಪಾವತಿಯ ಮುಖ ಸಪ್ಪೆಯಾಯಿತು. ಆ ಹೊತ್ತಿಗೆ ಬಂದು ತಲುಪಿದ್ದ ಸೆಲೀನ್, "ನನ್ನದು ಬೇರೆ ಕಂಪನಿದ್ದು ಸರ್," ಎಂದಳು.

ಅಲ್ಲಿ ಹೊಡೆದರು. ಕಪ್ಪು ಪರದೆ ಇಡೀ ಹಸಿರು ಬೆಳಕಾಗಿ ಮಿಂಚಿ, ಕಣ್ಣು ಪಿಳುಕಿಸುವಷ್ಟರಲ್ಲಿ ಮತ್ತೆ ಕಪ್ಪಾಯಿತು.

ಪುಷ್ಪಾವತಿ ಕಿಟಾರನೆ ಕಿರುಚಿ ಎರಡು ಹೆಜ್ಜೆ ಹಿಂದೆ ಹಾರಿದಳು. ಕುರ್ಚಿ ಮಗುಚಿ ಬಿತ್ತು. ಸೆಲೀನ್‌ಳೂ ಕಿರುಚಿದಳು, ಪುಷ್ಪಾವತಿ ಕಿರುಚಿದ್ದಕ್ಕೆ.

"ಇನ್ನೊಮ್ಮೆ," ಎಂದಳು ಪುಷ್ಪಾವತಿ, ಎದೆಯ ಮೇಲೆ ಕೈಯಿಟ್ಟುಕೊಂಡು. "ನಾನು ಕಾಗದ ನೋಡ್ತಾ ಇರ್ತೇನೆ. ಹೇಳದೆ ಹೊಡೆಯಿರಿ."

ಅವಳು ಚೀಟಿಯ ಮೇಲೆ ಕಣ್ಣಿಟ್ಟಳು. ಬೆಳಕು ಕಣ್ಣಿನ ಅಂಚಿಗೆ ಬಡಿಯಿತು. ಚೀಟಿಯೂ ಅವಳ ಕೈಯೂ ಒಂದು ಕ್ಷಣ ಹಸಿರಾದವು. ಮತ್ತೆ ಬೆಚ್ಚಿಬಿದ್ದಳು.

"ನೀವು ಇಲ್ಲಿ ಕೂತ್ಕೊಳ್ಳಿ ಪುಷ್ಪಕ್ಕ," ಎಂದು ಸೆಲೀನ್ ತನ್ನ ಚೀಲ, ತಿಂಡಿಯ ಡಬ್ಬಿ ಎತ್ತಿಕೊಂಡಳು.

ಲಿಯೋನೆಲ್ ಸರ್ ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಿಸಿದರು: ಮಿಂಚು ಗೊತ್ತಿದ್ದ ಟರ್ಮಿನಲ್ ಮಿಂಚಲಿ, ಇಲ್ಲದ್ದು ಮೊದಲಿನಂತೆ ಕೂಗಲಿ. ಪುಷ್ಪಾವತಿ ತಾನು ಮಾಡಿದ ಕಟ್ಟುಗಳನ್ನೆಲ್ಲ ಮೊದಲಿನಿಂದ ತುಂಬಿಸಿದಳು. ಪರದೆ ಮಿಂಚಿದಾಗಲೆಲ್ಲ ಮೈ ಜುಂ ಎನ್ನುತ್ತಿತ್ತು. ಪಟ್ಟಿಯಿಂದ ಕಾಣೆಯಾಗಿದ್ದವರು ಒಬ್ಬೊಬ್ಬರಾಗಿ ಸಿಕ್ಕಿದರು: ಕಾಪುವಿನ ಒಬ್ಬ ದರ್ಜಿ, ಕಟಪಾಡಿಯ ಆಟೋದವನು, ಕಾರ್ಕಳದ ಗಂಡ ಹೆಂಡತಿ. ಪ್ರತಿ ಹೆಸರಿಗೂ ಅವಳು ಅಂದುಕೊಳ್ಳುತ್ತಿದ್ದಳು, ಇವರನ್ನು ಯಾರಾದರೂ ಹುಡುಕಿ ಸಿಗದೆ ಹೋಗಿದ್ದರೆ ಎಂದು. ಸಂಘದವರು ಹಳೆಯ ಪಟ್ಟಿಯ ಪ್ರತಿಗಳನ್ನೆಲ್ಲ ವಾಪಸು ತರಿಸಿ ಸುಟ್ಟರು. ಅದರಿಂದ ಇನ್ನಾರಿಗೂ ಕೆಡುಕಾಗಿಲ್ಲ ಎಂದು ತಿಳಿದ ದಿನ ಅವಳು ಮೇಜಿಗೆ ತಲೆಯಿಟ್ಟು ಅತ್ತಳು.

ಕೆಲಸ ಮುಗಿದ ಮೇಲಿನ ಒಂದು ಭಾನುವಾರ ಅವಳು ತಾಯಿಯ ಜತೆ ಬಸ್ಸು ಹತ್ತಿ ಹೆಜಮಾಡಿಗೆ ಹೋದಳು. ದೇವದಾಸ ಅಂಗಳದಲ್ಲಿ ಕುಳಿತಿದ್ದ. ಹೊಸ ಪಟ್ಟಿಯಲ್ಲಿ ಅವನ ಹೆಸರು, ಊರು, ಗುಂಪು ಸರಿಯಾಗಿರುವುದನ್ನು ತೋರಿಸಿದಳು. ಅವನು ಪಟ್ಟಿಯನ್ನು ನೋಡಿ, ಅವಳನ್ನು ನೋಡಿ, ಬೇರೆ ಕಡೆ ತಿರುಗಿ ಏನೋ ಹೇಳಿದ.

"ಇತ್ಲಾಗಿ ನೋಡಿ ಮಾತಾಡಿ," ಎಂದಳು ಪುಷ್ಪಾವತಿ. "ನನಗೆ ಕಿವಿ ಮಂದ."

ದೇವದಾಸ ಅವಳ ಕಡೆ ತಿರುಗಿ ಕುಳಿತು ಮತ್ತೆ ಹೇಳಿದ: "ಊಟ ಮಾಡಿ ಹೋಗಿ, ಮೀನು ಉಂಟು."