ಮೇಜಿಗೆ ಚೊಗರು

ಅಂಜಿನಮ್ಮ ಗಂಡನ ಹಿತ್ತಾಳೆ ತಂಬಿಗೆ ಹಿಡಿದು ಕಸ್ತೂರಮ್ಮನ ಹಿತ್ತಲ ಬಾಗಿಲಲ್ಲಿ ನಿಂತಾಗ ಬಿಸಿಲು ಏರಿತ್ತು. ಈಸ್ಟರ್‌ಗೆ ಒಂದೇ ದಿನ ಉಳಿದಿತ್ತು. ಅವಳಿಗೆ ಬೇಕಾಗಿದ್ದು ಒಂದು ತಂಬಿಗೆ ಚೊಗರು.

ಅಡಿಕೆ ಬೇಯಿಸಿ ಬೇಯಿಸಿ ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಪು ನೀರೇ ಚೊಗರು. ಮುಂದಿನ ಸುಗ್ಗಿಯ ಅಡಿಕೆಗೆ ಬಣ್ಣ ಬರಲೆಂದು ನಲ್ಲೂರಿನವರು ಅದನ್ನು ಡ್ರಮ್ಮಿನಲ್ಲಿ ತುಂಬಿಡುತ್ತಾರೆ. ಕಸ್ತೂರಮ್ಮನ ಮನೆಯ ಹಂಡೆಯನ್ನು ಇಪ್ಪತ್ತೆರಡು ವರ್ಷ ಕಾದವನು ಮೂಕಪ್ಪ, ಅಂಜಿನಮ್ಮನ ಗಂಡ. ಒಲೆ ಮುಂದೆ ನಿಂತು ನಿಂತು ಅವನ ಅಂಗೈ ಅಡಿಕೆ ಬಣ್ಣಕ್ಕೆ ತಿರುಗಿತ್ತು. ಹೋದ ಸುಗ್ಗಿಯಲ್ಲಿ ಎದೆನೋವು ಅಂತ ಹಂಡೆ ಪಕ್ಕ ಕೂತ. ಏಳಲಿಲ್ಲ. ಮಣ್ಣಿಗೆ ಇಡುವಾಗಲೂ ಅಂಗೈ ಕೆಂಪಗೇ ಇತ್ತು.

ಅವರ ಮನೆಯಲ್ಲಿ ವರ್ಷವೆಲ್ಲ ನೆಲದ ಮೇಲೇ ಊಟ. ಈಸ್ಟರ್‌ಗೆ ಮಾತ್ರ ಮೇಜು. ಮೇಜು ಅಂದರೆ ಹಳೇ ಬಾಗಿಲಿನ ಹಲಗೆ. ಎರಡು ಕಡೆ ಇಟ್ಟಿಗೆ ಪೇರಿಸಿ ಮೂಕಪ್ಪ ಅದನ್ನು ಕೂರಿಸುತ್ತಿದ್ದ. ಒಂದು ವರ್ಷ ಹಲಗೆಗೆ ಬಳಿಯಲೆಂದು ಚೊಗರು ತಂದ. ಬೇಯಿಸಿಟ್ಟ ಮೊಟ್ಟೆಯೊಂದು ಉರುಳಿ ತಂಬಿಗೆಗೆ ಬಿತ್ತು. ತೆಗೆಯುವುದು ಮರೆತ. ಸಂಜೆ ತೆಗೆದರೆ ಮೊಟ್ಟೆ ಬಣ್ಣ ಕಟ್ಟಿದ ಒಳ್ಳೇ ಅಡಿಕೆಯ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಅಂದಿನಿಂದ ಹಲಗೆ ಬಿಟ್ಟ, ಮೊಟ್ಟೆ ಹಿಡಿದ. ಬೇವಿನೆಲೆ ಇಟ್ಟು, ಹಳೇ ಬಟ್ಟೆಯಲ್ಲಿ ಬಿಗಿದು, ಚೊಗರಿನಲ್ಲಿ ಕುದಿಸುತ್ತಿದ್ದ. ಬಿಚ್ಚಿದರೆ ಕೆಂಪಿನ ಮೇಲೆ ಬಿಳೀ ಎಲೆ.

ಕಸ್ತೂರಮ್ಮನದು ಮೊಟ್ಟೆ ಒಳಗೆ ಬಿಡದ ಮನೆ. ಅಲ್ಲಿ ಹೋಗಿ ಮೊಟ್ಟೆಗೆಂದು ಹೇಳುವುದುಂಟೆ? ಮೂಕಪ್ಪ ಪ್ರತಿ ಸಲವೂ "ಮೇಜಿಗೆ ಬಳಿಯಾಕೆ" ಅಂತಲೇ ಕೇಳಿ ತರುತ್ತಿದ್ದ.

ಈ ವರ್ಷ ಮೇಜೇ ಬೇಡ ಅಂದಿದ್ದಳು ಗಂಡನ ಅಕ್ಕ ಚೌಡಕ್ಕ. ತಮ್ಮ ಮೂಕಪ್ಪ ಯೇಸುವಿನ ಪ್ರಾರ್ಥನೆಗೆ ಸೇರಿದರೂ ಅವಳು ಸೇರಿದವಳಲ್ಲ. ಮೊನ್ನೆ ನ್ಯಾಮತಿಯಿಂದ ಬಂದಿದ್ದಳು. ಇವತ್ತು ಬೆಳಗ್ಗೆಯೇ ಶುರು ಮಾಡಿದ್ದಳು.

"ಸಾವಾಗಿ ವರ್ಷ ತುಂಬಿಲ್ಲ. ಹಬ್ಬ ಮಾಡಾಕೆ ನಿಂತೀಯಲ್ಲೇ, ಜನ ಏನಂತಾರೆ?"

"ಸತ್ತೋನು ಎದ್ದು ಬಂದ ದಿನ ಅಕ್ಕ ಇದು. ಸಾವಿನ ಮನ್ಯಾಗೆ ಮಾಡ್ದೆ ಇನ್ನೆಲ್ಲಿ ಮಾಡ್ಬೇಕು?"

"ನನ್ನ ತಮ್ಮ ಎದ್ದು ಬರ್ತಾನೇನೆ?"

ಹೊನ್ನಾಳಿಯಲ್ಲಿರುವ ಮಗಳು ಅಂಬಿಕಾ ಫೋನಿನಲ್ಲಿ ಹೇಳಿದ್ದು ಅಂಜಿನಮ್ಮನ ಕಿವಿಯಲ್ಲೇ ಇತ್ತು. "ಅವ್ವ, ಮೇಜು ಇಲ್ಲ ಅಂದ್ರೆ ನಾನು ಬರಲ್ಲ. ಅಪ್ಪಾನೂ ಇಲ್ಲ, ಮೇಜೂ ಇಲ್ಲ, ಬರೀ ನೆಲ ನೋಡಾಕೆ ನನ್ನ ಕೈಲಿ ಆಗಲ್ಲ." ಅಂಜಿನಮ್ಮ ತಂಬಿಗೆ ತಗೊಂಡು ಹೊರಟಿದ್ದಳು.

ಕಸ್ತೂರಮ್ಮ ಹಪ್ಪಳ ಒಣಗಿಸುತ್ತಿದ್ದಳು. "ಏನೇ ಅಂಜಿನಮ್ಮ, ಉಂಡೇನೆ?"

"ಆತ್ರಿ ಅಮ್ಮಾರೆ. ಒಂದ್ ತಂಬಿಗೆ ಚೊಗರು ಬೇಕಿತ್ತು."

"ಮೇಜಿಗಾ?" ಕಸ್ತೂರಮ್ಮ ನಕ್ಕಳು. "ವರ್ಷಾ ವರ್ಷಾ ಬಳೀತಿದ್ನಲ್ಲ ನಿನ್ನ ಗಂಡ, ಅದೇನ್ ಮೇಜೋ ಅರಮನೆ ಬಾಗಿಲೋ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಸುಳ್ಳು ಗಂಡನ ಬಾಯಲ್ಲೇ ಚೆಂದ ಇತ್ತು.

"ಮೇಜಿಗಲ್ರೀ. ಮೊಟ್ಟೆಗೆ."

"ಯಾತಕ್ಕೆ?"

"ಮೊಟ್ಟೆಗೆ. ನಮ್ಮ ಹಬ್ಬದಾಗೆ ಬಣ್ಣದ ಮೊಟ್ಟೆ ಇಡ್ತೀವ್ರಿ. ನಮ್ಮನೆಯವ್ರು ಹೇಳಾಕೆ ಅಂಜಿದ್ರು."

ಕಸ್ತೂರಮ್ಮನ ನಗು ನಿಂತಿತು. ತಂಬಿಗೆ ನೋಡಿದಳು, ಮೂಲೆಯ ಡ್ರಮ್ಮು ನೋಡಿದಳು. "ಇದೇ ತಂಬಿಗೇನಾ ನಮ್ಮ ಡ್ರಮ್ಮಿಗೆ ಅದ್ತಿದ್ದಿದ್ದು?"

"ಹೂಂ ರೀ."

"ಶಿವನೇ."

ಹಪ್ಪಳಕ್ಕೆ ಕಾಗೆ ಬಂತು, ಕಸ್ತೂರಮ್ಮ ಓಡಿಸಲಿಲ್ಲ. ಅಂಜಿನಮ್ಮ ಸೆರಗು ಸರಿ ಮಾಡಿಕೊಂಡು ತಿರುಗಿದಳು. "ಬರ್ತೀನ್ರಿ ಅಮ್ಮಾರೆ."

"ನಿಂತ್ಕಳೇ. ಕೊಡಲ್ಲ ಅಂದ್ನಾ ನಾನು?"

ಒಳಗಿಂದ ಉದ್ದ ಹಿಡಿಯ ಸೌಟು ತಂದಳು. "ತಂಬಿಗೆ ಕೆಳಗಿಡು. ನೀನು ಆಚೆ ನಿಲ್ಲು." ತಂಬಿಗೆಗೆ ತಾಗದ ಹಾಗೆ ಮೇಲಿಂದ ಸುರಿದಳು. ಚೊಗರು ಸಿಡಿದು ಅವಳ ಸೀರೆ ಅಂಚಿಗೇ ಬಿತ್ತು. ಚೊಗರಿನ ಕಲೆ ಹೋಗುವುದಿಲ್ಲ. ಅವಳು ಅದನ್ನು ನೋಡಿಯೂ ಸುರಿದಳು, ಕಂಠ ಮಟ್ಟ.

"ಇಪ್ಪತ್ತೆರಡು ವರ್ಷ ಒಂದ್ ಹಂಡೆ ಕೆಡಿಸ್ಲಿಲ್ಲ ಅವ್ನು," ಅಂದಳು ಡ್ರಮ್ಮಿಗೆ ಮುಚ್ಚಳ ಹಾಕುತ್ತ. ಅಂಜಿನಮ್ಮ ಬಾಗಿಲು ದಾಟುವಾಗ ಹಿಂದಿನಿಂದ ಕೂಗಿದಳು. "ಮುಂದಿನ ವರ್ಷ ಬರ್ತೀಯಲ್ಲ, ಮೇಜಿಗೆ ಅಂತ್ಲೇ ಕೇಳು. ಮೊಟ್ಟೆ ಸುದ್ದಿ ನನ್ನ ಕಿವಿಗೆ ಹಾಕ್ಬೇಡ."

ಮನೆಯಲ್ಲಿ ಮೊದಲ ಮೊಟ್ಟೆ ಕೆಟ್ಟಿತು. ಗಂಟು ಸಡಿಲವಾಗಿ ಎಲೆ ಜಾರಿತ್ತು. ಎರಡನೆಯದೂ ಹಾಗೇ. ಚೌಡಕ್ಕ ಗೋಡೆಗೆ ಒರಗಿ ನೋಡುತ್ತಿದ್ದಳು. ಮೂರನೆಯದಕ್ಕೆ ಎದ್ದು ಬಂದಳು.

"ಹಂಗಲ್ಲ ಕಟ್ಟೋದು. ತಾ ಇಲ್ಲಿ. ಅವ್ನಿಗೆ ಗಂಟು ಹಾಕಾಕೆ ಕಲಿಸ್ದೋಳು ನಾನು."

"ಹಬ್ಬ ಬ್ಯಾಡ ಅಂದ್ಯಲ್ಲಕ್ಕ."

"ಹಬ್ಬ ಯಾರು ಮಾಡ್ತಾರೆ? ಗಂಟು ಕಟ್ತೀನಿ, ಅಷ್ಟೇ."

ಹತ್ತು ಮೊಟ್ಟೆ ಕಟ್ಟಿದಳು. ಹತ್ತರಲ್ಲೂ ಎಲೆ ಕೂತಿತು. ತಂಬಿಗೆಯಲ್ಲಿ ಇನ್ನೂ ಅರ್ಧ ಚೊಗರು ಉಳಿದಿತ್ತು. ಅಂಜಿನಮ್ಮ ಹಲಗೆ ಒರೆಸಿ ಬಟ್ಟೆಯಲ್ಲಿ ಅದ್ದಿ ಅದ್ದಿ ಬಳಿದಳು. ಗಂಡ ಇಷ್ಟು ವರ್ಷ ಹೇಳಿದ್ದು ಇವತ್ತಾದರೂ ನಿಜ ಆಗಲಿ ಅನ್ನಿಸಿತು.

ಬೆಳಗ್ಗೆ ಇಬ್ಬರೂ ಸೇರಿ ಹಲಗೆಯನ್ನು ಇಟ್ಟಿಗೆ ಮೇಲೆ ಕೂರಿಸಿದರು. ಪ್ರತಿ ವರ್ಷ ಹಾಸುತ್ತಿದ್ದ ಗಂಡನ ಬಿಳೀ ಪಂಚೆಯನ್ನು ಅಂಜಿನಮ್ಮ ಹಾಸಲಿಲ್ಲ. ಹಲಗೆ ಕಾಣಬೇಕಿತ್ತು. ತೊಳೆದ ತಂಬಿಗೆಗೆ ನೀರು ಹಾಕಿ ಸುಗಂಧರಾಜ ಇಟ್ಟಳು. ಅಡಿಕೆ ಹಾಳೆಯ ತಟ್ಟೆಯಲ್ಲಿ ಹತ್ತು ಮೊಟ್ಟೆ. ಸುತ್ತ ಒಂದು ಮೊಳ ಮಲ್ಲಿಗೆ. ಅಷ್ಟೇ ಸಿಂಗಾರ.

ಒಂಬತ್ತರ ಬಸ್ಸಿಗೆ ಅಂಬಿಕಾ ಬಂದಳು. ಒಳಗೆ ಕಾಲಿಟ್ಟವಳು ಹಲಗೆ ಮೇಲೆ ಕೈ ಊರಿ ನಿಂತಳು. ಕೈ ಎತ್ತಿದರೆ ಅಂಗೈ ಕೆಂಪಗಾಗಿತ್ತು.

"ಅವ್ವ, ಇನ್ನೂ ಒಣಗಿಲ್ಲ ಇದು."

ಅಂಜಿನಮ್ಮ ಆ ಅಂಗೈ ಹಿಡಿದು ನೋಡಿದಳು. ಚೌಡಕ್ಕನೂ ಬಗ್ಗಿ ನೋಡಿದಳು. ಸೋಪು ತರಲು ಯಾರೂ ಹೋಗಲಿಲ್ಲ.

"ಎಡಗೈ ತಾನೆ?" ಅಂದಳು ಅಂಜಿನಮ್ಮ. "ಇರ್ಲಿ ಬಿಡು. ಉಣ್ಣಾಕೆ ಕೂತ್ಕ."