ಬಚ್ಚಲುಮನೆಯ ಏಡಿ

ಇವರು ದೊಡ್ಡ ಪ್ರಕೃತಿಪ್ರೇಮಿ ಎಂದು ಊರೆಲ್ಲ ಹೇಳುತ್ತಿತ್ತು. ಹೇಳಿಕೊಳ್ಳಲಿ, ಜನರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ನನ್ನ ಗಂಡ ಜಿರಲೆ ಕಂಡರೆ ಮಂಚ ಹತ್ತುತ್ತಿದ್ದ ಮನುಷ್ಯ. ಓತಿಕ್ಯಾತ ಒಳಗೆ ಬಂದರೆ ಪೊರಕೆ ಹಿಡಿದು ಓಡಿಸುವವಳು ನಾನು, ಇವರು ಬಾಲ್ಕನಿಯಲ್ಲಿ ನಿಂತು 'ಹೋಯ್ತೇನೇ?' ಎಂದು ಕೇಳುವವರು. ಆದರೆ ಕ್ಯಾಮೆರಾ ಹಿಡಿಯಲು ಬರುತ್ತಿತ್ತು, ಆ ವಿಷಯದಲ್ಲಿ ಸುಳ್ಳು ಹೇಳಬಾರದು. ನೆರಳು ಬೆಳಕು ಇವರ ಮಾತು ಕೇಳುತ್ತಿದ್ದವು.

ಮುಂಬಯಿಗೆ ಟಿ.ವಿ. ಬಂದು ಮೂರ್ನಾಲ್ಕು ವರ್ಷವಾಗಿತ್ತು. ಟಿ.ವಿ. ಕೇಂದ್ರದಲ್ಲಿ ಕ್ಯಾಮೆರಾ ಕೆಲಸದಲ್ಲಿದ್ದ ಇವರಿಗೆ ಶಹರದ ಸುತ್ತಮುತ್ತಲಿನ ಜೀವಜಂತುಗಳ ಮೇಲೆ ಒಂದು ಸರಣಿ ಮಾಡಿಕೊಡಲು ಹೇಳಿದರು. ದಹಿಸರ್ ನದಿಯ ಹಕ್ಕಿಗಳು, ಬಾಂದ್ರಾದ ಹಳೆಯ ಮರಗಳ ಬಾವಲಿಗಳು, ನಮ್ಮ ವಡಾಲದ ಆಚೆ ಸಮುದ್ರದ ನೀರು ಒಳನುಗ್ಗುವ ಖಾಡಿಯ ಕೆಸರಲ್ಲಿ ಬೇರು ಚಾಚಿ ನಿಂತ ಕಾಂಡ್ಲಾ ಗಿಡಗಳು, ಅವುಗಳ ಬುಡದ ಏಡಿ ಮೀನುಗಳು. ಹಕ್ಕಿ ಬಾವಲಿಗಳನ್ನು ದೂರದಿಂದ ತೆಗೆದರಾಯಿತು. ಕೆಸರಿನ ಜೀವಗಳು ಹಾಗಲ್ಲ. ಭರತದ ನೀರು ಏರಿದರೆ ಎಲ್ಲ ಮುಳುಗುತ್ತದೆ, ಇಳಿದರೆ ಮೊಣಕಾಲವರೆಗೆ ಕೆಸರು, ಹತ್ತಿರ ಹೋದರೆ ಸರ್ರನೆ ಬಿಲ ಸೇರುತ್ತವೆ. ಎರಡು ಸಲ ಹೋಗಿ ಬಂದ ಇವರು ಮೂರನೆಯ ಸಲ ಮೀನುಗಾರರ ಕೈಲಿ ಹಿಡಿಸಿದ ಏಡಿಗಳನ್ನು ಒಂದು ಡಬ್ಬದಲ್ಲಿ ಹಾಕಿಕೊಂಡು ಮನೆಗೇ ಬಂದರು.

'ನೀನು ಜೂಆಲಜಿ ಓದಿದೀಯಲ್ಲ, ಒಂದೆರಡು ವಾರ ಇವನ್ನ ಸಾಕಿಕೊಡೇ' ಎಂದರು.

ಮೈಸೂರಿನಲ್ಲಿ ನಾನು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದೆ. ಮದುವೆಯಾದ ಮೇಲೆ ಆ ಡಿಗ್ರಿಯ ಸುದ್ದಿಯನ್ನು ಇವರು ಎತ್ತಿದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತೆಂದರೆ, ಹುಚ್ಚಿ, ಎರಡು ಮಾತಿಲ್ಲದೆ ಬಚ್ಚಲಿನ ದೊಡ್ಡ ತಗಡಿನ ಟಬ್ಬನ್ನು ಬಿಟ್ಟುಕೊಟ್ಟೆ. ಒಂದು ಬದಿಯನ್ನು ಕತ್ತರಿಸಿ ಗಾಜು ಕೂರಿಸಿದೆವು. ತಳಕ್ಕೆ ಖಾಡಿಯ ಕೆಸರು, ಮೇಲೆ ಖಾಡಿಯದೇ ನೀರು. ದಿನ ಬಿಟ್ಟು ದಿನ ಡಬ್ಬ ಹಿಡಿದು ಹೋಗಿ ನೀರು ತರುತ್ತಿದ್ದೆ. ಅವಕ್ಕೆ ತಿನ್ನಲು ಮೀನಿನ ತುಣುಕು ಬೇಕು. ಮಡಿಯುಟ್ಟು ಅಡಿಗೆ ಮಾಡುವ ಅತ್ತೆ ಇರುವ ಮನೆ! ಮಾರ್ಕೆಟ್ಟಿನ ಮೀನು ಮಾರುವವಳಿಂದ ಪೇಪರಿನಲ್ಲಿ ಸುತ್ತಿಸಿಕೊಂಡು, ಕೊತ್ತಂಬರಿ ಕಟ್ಟಿನ ಕೆಳಗಿಟ್ಟು ತರುತ್ತಿದ್ದೆ.

ಎಷ್ಟು ಮುಚ್ಚಿಟ್ಟರೂ ಬಿಲ್ಡಿಂಗಿನಲ್ಲಿ ಸುದ್ದಿಯಾಗದೆ ಇದ್ದೀತೆ? ಎದುರು ಮನೆಯ ಧಾರವಾಡದ ವೈನಿ ನಲ್ಲಿಯ ಹತ್ತಿರ ನನ್ನನ್ನು ಹಿಡಿದರು. 'ಏನ್ರೀ, ನಿಮ್ಮ ಮನ್ಯಾಗ ಏಡಿ ತರತಾರಂತಲ್ಲ? ನಮ್ಮ ಮುಂದ ಹೇಳ್ರಿ, ನಾ ಯಾರಿಗೂ ಹೇಳಂಗಿಲ್ಲ. ಸಾರು ಮಾಡತೀರೋ, ಪಲ್ಯಾ ಮಾಡತೀರೋ?'

'ಟಿ.ವಿ.ಗೆ ರೀ' ಎಂದೆ.

'ಟಿ.ವಿ.ಯವರು ತಿಂತಾರೇನು?' ಎಂದರು. ಮುಂದಿನ ವಾರದಿಂದ ಅವರ ಮನೆಯ ಪೂಜೆಗೆ ನನಗೆ ಕರೆ ಬರುವುದು ನಿಂತಿತು. ಅತ್ತೆ ಬಚ್ಚಲಿಗೆ ಹೋಗುವ ಮೊದಲು ಟಬ್ಬಿನ ಮೇಲೆ ಹಲಗೆ ಮುಚ್ಚಿಸಿ, ಮೂಗು ಮುಚ್ಚಿಕೊಂಡು, ನನ್ನ ತವರಿನವರನ್ನು ನೆನೆಸಿಕೊಂಡು ಸ್ನಾನ ಮಾಡುತ್ತಿದ್ದರು. ಮಗನಿಗೆ ಒಂದು ಮಾತು ಅನ್ನಲಿಲ್ಲ. ಏಡಿ ತಂದವರು ಇವರು, ಮೈಲಿಗೆ ಮಾತ್ರ ನನ್ನದು.

ಇವರಿಗೆ ಬೇಕಾಗಿದ್ದು ಏಡಿ ತನ್ನ ಚಿಪ್ಪು ಕಳಚಿ ಹೊರಬರುವ ದೃಶ್ಯ. ಮರಿ ಏಡಿ ಬೆಳೆಯುತ್ತ ಹೋದಂತೆ ಹಳೆಯ ಚಿಪ್ಪು ಬಿಗಿಯಾಗುತ್ತದೆ. ಆಗ ಹಿಂಬದಿ ಬಿರಿದು, ಕಾಲು ಕೊಂಡಿ ಕಣ್ಣು ಸಮೇತ ಅಷ್ಟೂ ಮೈಯನ್ನು ಹಿಂದಕ್ಕೆ ಎಳೆದುಕೊಂಡು ಹೊರಗೆ ಬರುತ್ತದೆ. ಯಾವಾಗ ಬರುತ್ತದೆಂದು ಅದೇನು ಟಪಾಲು ಹಾಕಿ ತಿಳಿಸುತ್ತದೆಯೇ? ಇವರು ತಮ್ಮ ಸ್ವಂತದ, ಕೀಲಿ ಕೊಡುವ ಹಳೆಯ ಕ್ಯಾಮೆರಾವನ್ನು ಟಬ್ಬಿನ ಮುಂದೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ದಿನಗಟ್ಟಲೆ ಕಾದರು. ಬೇಸತ್ತು, ಕೇಂದ್ರದ ಕ್ಯಾಮೆರಾ ಎತ್ತಿಕೊಂಡು ದಹಿಸರ್‌ಗೆ ಹೋಗಿಬಿಟ್ಟರು.

ಒಂದು ಏಡಿ ಮೇವು ಬಿಟ್ಟಿದ್ದನ್ನು ನಾನು ನೋಡಿದ್ದೆ. ಅದರ ಬಣ್ಣ ಮಂಕಾಗಿತ್ತು. ಆ ಮಧ್ಯಾಹ್ನ ಅತ್ತೆಗೆ ಊಟಕ್ಕೆ ಬಡಿಸಿ ಬಚ್ಚಲಿಗೆ ಬಂದರೆ ಬೆನ್ನ ಹಿಂದೆ ಸಣ್ಣ ಗೆರೆ ಬಿರಿದಿದೆ! ಬಾಗಿಲ ಚಿಲಕ ಹಾಕಿದೆ. ಶೂಟಿಂಗಿನ ದೊಡ್ಡ ದೀಪ ಹಚ್ಚಿದೆ, ಅದರ ಝಳಕ್ಕೆ ನೀರು ಕಾಯದಂತೆ ಟಬ್ಬಿನ ಸುತ್ತ ಒದ್ದೆ ಬಟ್ಟೆ ಕಟ್ಟಿದೆ. ಇವರು ತೋರಿಸಿಕೊಟ್ಟಿದ್ದರು, ಗುಂಡಿ ಒತ್ತುವುದು ಗೊತ್ತಿತ್ತು. ಒಂದು ಸಲ ಕೀಲಿ ಕೊಟ್ಟರೆ ಕ್ಯಾಮೆರಾ ಅರ್ಧ ನಿಮಿಷ ಓಡುತ್ತಿತ್ತು, ರೀಲು ಇದ್ದದ್ದೇ ಒಂದು. ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಎನ್ನುವುದನ್ನು ಹೇಳಿಕೊಡಲು ಅಲ್ಲಿ ಯಾರೂ ಇರಲಿಲ್ಲ. ಅದು ಉಸಿರೆಳೆದಂತೆ ಮೈಯುಬ್ಬಿಸಿದಾಗ ಒತ್ತಿದೆ, ಸುಮ್ಮನಾದಾಗ ಬಿಟ್ಟೆ. ಹೊರಗೆ ಅತ್ತೆ ಎಂಜಲು ಕೈಯಲ್ಲಿ ಬಾಗಿಲು ಬಡಿಯುತ್ತಿದ್ದರು. 'ಕೈ ತೊಳೀಬೇಕು, ಬಾಗಿಲು ತೆಗಿಯೇ! ಏನು ಮಾಡ್ತಿದೀಯೇ ಒಳಗೆ?' ಕೊನೆಗೆ ಮೆತ್ತನೆಯ, ನಸುಗೆಂಪಿನ ಏಡಿ ತನ್ನದೇ ಹಳೆಯ ಚಿಪ್ಪಿನ ಪಕ್ಕ ಸುಸ್ತಾಗಿ ಕೂತಿತು. ನಾನೂ ಒದ್ದೆ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅಷ್ಟು ಸಂತೋಷ ನನಗೆ ಮತ್ತೆ ಯಾವತ್ತೂ ಆಗಿಲ್ಲ.

ರೀಲು ತೊಳೆದು ಬಂದ ದಿನ ಇವರು ಜಿಲೇಬಿ ಪೊಟ್ಟಣ ಹಿಡಿದು ಬಂದರು. 'ಕ್ಯಾ ಶಾಟ್ ಹೈ ಅಂತ ಎದ್ದು ನಿಂತುಬಿಟ್ರು ಕಣೇ ಪ್ರೊಡ್ಯೂಸರ್ರು!'

'ಯಾರು ತೆಗೆದದ್ದು ಅಂತ ಹೇಳಿದ್ರಾ?'

'ಕೊನೇಲಿ ಹೆಸರು ಬರತ್ತಲ್ಲ, ಅಲ್ಲಿ ನಿಂದೂ ಹಾಕಿಸ್ತೀನಿ' ಎಂದು ನನ್ನ ಬಾಯಿಗೆ ಜಿಲೇಬಿ ಇಟ್ಟರು. ನಾನು ನಂಬಿದೆ. ನಂಬದೆ ಏನು ಮಾಡಲಿ? ತವರಿಗೆ ಕಾಗದ ಬರೆದು, ನನ್ನ ಹೆಸರು ಟಿ.ವಿ.ಯಲ್ಲಿ ಬರುತ್ತದೆಂದು ತಿಳಿಸಿದೆ.

ಆ ಕಂತು ಬಂದದ್ದು ಭಾನುವಾರ, ಸಂಜೆಯ ಸಿನಿಮಾಕ್ಕೆ ಮುಂಚೆ. ಬಿಲ್ಡಿಂಗಿನಲ್ಲಿ ಟಿ.ವಿ. ಇದ್ದ ಒಂದೇ ಮನೆ ಕೆಳಮಾಳಿಗೆಯ ಗುಜರಾತಿಗಳದು. ಜಾಗ ಹಿಡಿಯಲೆಂದು ಎಲ್ಲ ಮೊದಲೇ ಬಂದು ಕೂತಿದ್ದರು. ತೆರೆಯ ಮೇಲೆ ಖಾಡಿ, ಗಿಡ, ಕೆಸರು ಬಂದಾಗ ಒಬ್ಬಳು ಬಟಾಣಿ ಸುಲಿಯುತ್ತಿದ್ದಳು, ಇನ್ನಿಬ್ಬರು ಸಿನಿಮಾದ ನಾಯಕಿಯ ಸಂಸಾರ ಜಾಲಾಡುತ್ತಿದ್ದರು. ಆಮೇಲೆ ನನ್ನ ಏಡಿ ಬಂತು. ಹಿಂದಿಯಲ್ಲಿ ಗಂಭೀರವಾದ ಗಂಡುದನಿ, ಇದು ಮನುಷ್ಯನ ಹೆಜ್ಜೆ ಸೋಕದ ಕೆಸರಿನ ಆಳದಲ್ಲಿ ನಡೆಯುವ ಗುಟ್ಟು ಎಂದಿತು. ನಾನು ದಿನಾ ಬಟ್ಟೆ ಒಗೆಯುವ ಜಾಗ! ಆದರೆ ನಾಯಕಿಯ ಸಂಸಾರ ಜಾಲಾಡುತ್ತಿದ್ದವರು ತೆರೆಯತ್ತ ತಿರುಗಿದರು. ಬಟಾಣಿ ಸುಲಿಯುವವಳೂ ಕೈ ನಿಲ್ಲಿಸಿದಳು. 'ಅಯ್ಯಯ್ಯೋ, ಎಷ್ಟ್ ಕಷ್ಟಾ ನೋಡ್ರಿ ಅದಕ್ಕ' ಎಂದರು ಧಾರವಾಡದ ವೈನಿ.

ಕೊನೆಗೆ ಹೆಸರುಗಳು ಬಂದವು. ಛಾಯಾಗ್ರಹಣ ಎಂದು ಇವರ ಹೆಸರು, ಸಂಕಲನದವನ ಹೆಸರು, ದನಿಯವನ ಹೆಸರು, ಕ್ಯಾಮೆರಾ ಹೊತ್ತವನ ಹೆಸರು. ನಾನು ಕೊನೆಯ ಸಾಲಿನವರೆಗೆ ನೋಡಿದೆ. ಸಿನಿಮಾ ಶುರುವಾಯಿತು, ಎದ್ದು ಮೇಲೆ ಬಂದೆ.

ಕೇಳಿದ್ದಕ್ಕೆ 'ಮರೆತುಹೋಯ್ತು' ಎನ್ನಲಿಲ್ಲ ಇವರು. ಹಾಗಂದಿದ್ದರೂ ಕ್ಷಮಿಸುತ್ತಿದ್ದೆನೇನೋ. 'ಹೆಂಡತಿ ತೆಗೆದಳು ಅಂದ್ರೆ ಎಲ್ಲಿ ಅಂತ ಕೇಳ್ತಾರೆ. ಬಚ್ಚಲಲ್ಲಿ ಅನ್ಲಾ? ಇಡೀ ಸರಣಿ ಸುಳ್ಳು ಅಂತಾರೆ. ಸ್ವಲ್ಪ ಯೋಚನೆ ಮಾಡೇ' ಎಂದರು. ಯೋಚನೆ ಮಾಡಿದೆ. ದೃಶ್ಯವನ್ನು ಎಷ್ಟು ಚೆನ್ನಾಗಿ ತೆಗೆದಿದ್ದೆನೋ, ಅಷ್ಟೇ ಭದ್ರವಾಗಿ ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು.

ಮಾಟುಂಗದಲ್ಲಿ ನಮ್ಮವರ ಸಂಘ ಇವರಿಗೆ ಸನ್ಮಾನ ಇಟ್ಟುಕೊಂಡಿತು. ಶಾಲು, ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ. ನನ್ನನ್ನೂ ವೇದಿಕೆಗೆ ಕರೆದು ಅರಿಶಿನ ಕುಂಕುಮ, ಒಂದು ರವಿಕೆ ಕಣ ಕೊಟ್ಟರು. ಅಧ್ಯಕ್ಷರು, ಗಂಡ ಕಾಡುಮೇಡು ಅಲೆಯುವಾಗ ತಾಳ್ಮೆಯಿಂದ ಮನೆ ನೋಡಿಕೊಂಡ ಸಾಧ್ವಿ ಎಂದು ನನ್ನನ್ನು ಹೊಗಳಿದರು. ಸಭೆಯಲ್ಲಿ ಯಾರೋ ಎದ್ದು ಏಡಿಯ ದೃಶ್ಯ ಹೇಗೆ ತೆಗೆದಿರಿ ಎಂದು ಕೇಳಿದರು. ಇವರು ಮೈಕಿನ ಮುಂದೆ ಬಂದು, ಸೊಂಟದವರೆಗೆ ಕೆಸರಲ್ಲಿ ನಿಂತು ಕಾದ ಕಥೆಯನ್ನು ಎಷ್ಟು ಸೊಗಸಾಗಿ ಹೇಳಿದರೆಂದರೆ, ಸೊಳ್ಳೆ ಕಚ್ಚಿದ್ದನ್ನು ಹೇಳುವಾಗ ನನಗೂ ಮೈ ತುರಿಸಿತು. ಪಕ್ಕದ ಕುರ್ಚಿಯಲ್ಲಿ ಕೂತು ನಾನೂ ಚಪ್ಪಾಳೆ ತಟ್ಟಿದೆ.

ಆಮೇಲೆ ಎರಡನೆಯ ಸರಣಿಯ ಮಾತು ಬಂತು. ಅಂಥದೇ ಇನ್ನೊಂದಷ್ಟು ದೃಶ್ಯಗಳು ಬೇಕು ಎಂದಿದ್ದರಂತೆ ಕೇಂದ್ರದವರು. ಇವರು ಮತ್ತೆ ಡಬ್ಬ ತಂದು ಬಚ್ಚಲಲ್ಲಿಟ್ಟರು. 'ನಿಮ್ಮ ಏಡಿ, ನೀವು ನೋಡಿಕೊಳ್ಳಿ' ಎಂದೆ. ನಗೆಯಾಡಿದರು, ಬೈದರು, ಎರಡು ದಿನ ಮಾತು ಬಿಟ್ಟರು. ನಾನು ಜಗ್ಗಲಿಲ್ಲ. ಖಾಡಿಗೆ ಹೋಗಿ ನೀರು ತರಲು ಸೋಮಾರಿತನವಾಗಿ ಇವರು ನಲ್ಲಿಯ ನೀರು ತುಂಬಿ, ಅದಕ್ಕೆ ಅಡಿಗೆಮನೆಯ ಉಪ್ಪು ಹಿಡಿಹಿಡಿ ಸುರಿದರು. ಸಮುದ್ರವೆಂದರೆ ಸಾರು ಎಂದುಕೊಂಡಿದ್ದರೋ ಏನೋ. ಏಡಿಗಳೆಲ್ಲ ಸತ್ತವು. ಮತ್ತೆ ತಂದರು, ಮತ್ತೆ ಸತ್ತವು. ತೋರಿಸಲು ಏನೂ ಇಲ್ಲದೆ, ಕೇಂದ್ರದವರು ಎರಡನೆಯ ಸರಣಿಯನ್ನು ಕೈಬಿಟ್ಟರು.

ಮುಂದಿನ ಯುಗಾದಿಗೆ ಸಂಘದಲ್ಲಿ ಊಟವಿತ್ತು. ಅದೇ ಅಧ್ಯಕ್ಷರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತ ಇವರನ್ನು ಕೇಳಿದರು. 'ಏನ್ ಸಾರ್, ಮುಂದಿನದು ಯಾವಾಗ? ನಾವೆಲ್ಲ ಕಾಯ್ತಾ ಇದೀವಿ.'

ಇವರು ಎಲೆಯಿಂದ ತಲೆಯೆತ್ತಿ, ಎದುರು ಸಾಲಿನಲ್ಲಿ ಕೂತಿದ್ದ ನನ್ನತ್ತ ಕೈ ತೋರಿಸಿ ನಕ್ಕರು. 'ಎಲ್ಲಾ ಇವಳ ಕೈಲಿದೆ ಸಾರ್. ಇವಳು ಸಹಕಾರ ಕೊಡಲಿಲ್ಲ, ನಿಂತುಹೋಯ್ತು.'

ಪಂಕ್ತಿಯವರೆಲ್ಲ ತಿರುಗಿ ನನ್ನನ್ನು ನೋಡಿದರು. ಆ ಸರಣಿಯ ವಿಷಯದಲ್ಲಿ ಇವರು ನಾಲ್ಕು ಜನರೆದುರು ನನ್ನ ಹೆಸರೆತ್ತಿದ್ದು ಅದೊಂದೇ ಸಲ.